ಮಲಪ್ರಭೆಯ ಜೊತೆ ಐದು ದಿನ

ಪ್ರಶ್ನೆ: ನಾನು ಇಂಡಿ ತಾಲೂಕಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ದಸರಾ ರಜೆಯಲ್ಲಿ ಐದು ದಿನ ಬಿಡುವಿದೆ, ಕಾರಿದೆ. ಮಕ್ಕಳಿಗೆ ಕಾಡು, ಜಲಪಾತ, ಬೆಟ್ಟ ಎಲ್ಲ ತೋರಿಸಬೇಕು. ಮನೆಯವರು ಕೊಡಗು ಅಂತಾರೆ, ಮಗ ಜೋಗ ಅಂತಾನೆ. ಅತ್ತೆಯೂ ಬರುತ್ತಾರೆ, ಅವರಿಗೆ ಮೊಣಕಾಲು ನೋವು. ಇಷ್ಟು ದೊಡ್ಡ ರಾಜ್ಯವನ್ನು ಎಲ್ಲಿಂದ ನೋಡಲು ಶುರು ಮಾಡಬೇಕು?

ಉತ್ತರ: ಅಕ್ಕೋರೇ, ನಿಮ್ಮೂರಿಂದ ಮಡಿಕೇರಿ 600 ಕಿ.ಮೀ.ಗಿಂತ ಜಾಸ್ತಿ. ಹೋಗಲು, ಬರಲು ಅಂತಲೇ ಮೂರು ದಿನ ಕಾರಿನಲ್ಲಿ ಕಳೆಯುತ್ತವೆ. ಅಷ್ಟು ಹೊತ್ತು ಕಾಲು ಮಡಚಿ ಕೂತ ಮೇಲೆ ಅತ್ತೆಯವರು ಯಾವ ಕಾಫಿ ತೋಟ ಸುತ್ತುತ್ತಾರೆ ಹೇಳಿ? ಕೊಡಗನ್ನು ದೊಡ್ಡ ರಜೆಗೆ ಇಟ್ಟುಕೊಳ್ಳಿ. ಈ ಸಲ ಒಂದೇ ಹೊಳೆಯ ಬೆನ್ನು ಹತ್ತಿ. ಮಲಪ್ರಭೆ ಹುಟ್ಟುವುದು ಖಾನಾಪುರದ ಕಾಡಿನಲ್ಲಿ, ಕೃಷ್ಣೆಗೆ ಸೇರುವುದು ನಮ್ಮ ಬಯಲಿನಲ್ಲಿ. ನಡುವಿನ 300 ಕಿ.ಮೀ.ನಲ್ಲಿ ಮಲೆನಾಡು, ಎರಿಭೂಮಿ, ಕೆಂಪು ಕಲ್ಲಿನ ಗುಡ್ಡ ಮೂರೂ ಸಿಗುತ್ತವೆ.

ಮೊದಲ ದಿನ ಜಮಖಂಡಿ, ಮುಧೋಳದ ಮೇಲೆ ಗೋಕಾಕಕ್ಕೆ ಹೋಗಿ. ದಾರಿಯಲ್ಲಿ ಚಿಕ್ಕಪಡಸಲಗಿ ಹತ್ತಿರ ಕೃಷ್ಣೆ ದಾಟುವಾಗ ಕಾರು ನಿಲ್ಲಿಸಿ. ಅಲ್ಲಿನ ಬ್ಯಾರೇಜನ್ನು 1989ರಲ್ಲಿ ರೈತರೇ ದುಡ್ಡು ಹಾಕಿ, ಮೈಮುರಿದು ದುಡಿದು ಕಟ್ಟಿದ್ದು. ಪಾಠದಲ್ಲಿ ಹೇಳುವುದಕ್ಕಿಂತ ಕಣ್ಣಾರೆ ತೋರಿಸಿದರೆ ಮಕ್ಕಳಿಗೆ ನೆನಪಿರುತ್ತದೆ. ಗೋಕಾಕದಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಕೆಳಗೆ ಬೀಳುತ್ತದೆ. ಮಳೆಗಾಲದಲ್ಲಿ ನೀರು ಥೇಟ್ ಚಹಾದ ಬಣ್ಣ. ತೂಗುಸೇತುವೆ ಮೇಲೆ ಬಿಡುತ್ತಾರೆ ಅಂತ ನಂಬಿಕೊಂಡು ಹೋಗಬೇಡಿ, ದಂಡೆಯಿಂದಲೇ ಚೆನ್ನಾಗಿ ಕಾಣುತ್ತದೆ. ಕರದಂಟು ಕಟ್ಟಿಸಿಕೊಂಡು ರಾತ್ರಿಗೆ ಬೆಳಗಾವಿ ಸೇರಿ.

ಎರಡನೇ ದಿನ ಪೂರ್ತಿ ಕಣಕುಂಬಿಗೆ ಕೊಡಿ. ಜಾಂಬೋಟಿ ದಾಟುತ್ತಿದ್ದಂತೆ ಗಾಳಿಯ ವಾಸನೆಯೇ ಬೇರೆ. ಹಿಂದಿನ ದಿನ ಗೋವಿನಜೋಳ, ಕಬ್ಬು ನೋಡಿದ ಕಣ್ಣಿಗೆ ಭತ್ತದ ಗದ್ದೆ, ಹೆಂಚಿನ ಮನೆ, ಹಾವಸೆ ಹಿಡಿದ ಗೋಡೆ. ಮಲಪ್ರಭೆ ಹುಟ್ಟುವ ಜಾಗ ಗುಡಿಯ ಪಕ್ಕದ ಸಣ್ಣ ಕುಂಡ, ಅಷ್ಟೇ. ‘ಇದೇನಾ?’ ಅಂತ ಮಕ್ಕಳು ಮುಖ ಸಣ್ಣ ಮಾಡಬಹುದು. ಆಗ ಅವರಿಗೆ ಒಂದು ಸಂಗತಿ ಹೇಳಿ. ಇಲ್ಲಿ ಬಿದ್ದ ಮಳೆ ಕೃಷ್ಣೆಯ ಜೊತೆ ಬಂಗಾಳಕೊಲ್ಲಿಗೆ ಹೋಗುತ್ತದೆ. ಇದೇ ತಾಲೂಕಿನ ದೇಗಾಂವ ಕಡೆ ಬಿದ್ದ ಮಳೆ ಮಹಾದಾಯಿ ಸೇರಿ, ಗೋವಾ ದಾಟಿ, ಅರಬ್ಬೀ ಸಮುದ್ರಕ್ಕೆ. ಒಂದೇ ಮೋಡ, ಎರಡು ಸಮುದ್ರ! ಪಕ್ಕದ ಭೀಮಗಡ ಅಭಯಾರಣ್ಯದ ಬಾರಾಪೆಡೆ ಗುಹೆಗಳಲ್ಲಿ ಜಗತ್ತಿನಲ್ಲೇ ಅಪರೂಪದ ಬಾವಲಿಗಳಿವೆ. ಆದರೆ ಅರಣ್ಯ ಇಲಾಖೆ ಅನುಮತಿ ಇಲ್ಲದೆ ಒಳಗೆ ಕಾಲಿಡಬೇಡಿ. ಕಾಡಿನೊಳಗಿನ ಜಲಪಾತಗಳಿಗೂ ಇದೇ ಮಾತು. ಅಂದಹಾಗೆ, ಉಪ್ಪಿನ ಪುಡಿ ಇಟ್ಟುಕೊಳ್ಳಿ. ನಾನೊಮ್ಮೆ ಬರೀ ಚಪ್ಪಲಿಯಲ್ಲಿ ಹೋಗಿ, ಊರಿಗೆ ಬಂದ ಮೇಲೆ ಕಾಲ್ಬೆರಳ ಸಂದಿಯಲ್ಲಿ ಇಂಬಳ ಕಂಡವನು.

ಮೂರನೇ ದಿನ ಸವದತ್ತಿ. ಎಲ್ಲಮ್ಮನ ಗುಡ್ಡಕ್ಕೆ ಹೋಗದೆ ಅತ್ತೆಯವರು ಬಿಡುವುದಿಲ್ಲ, ಗೊತ್ತು. ಹತ್ತಿರದ ನವಿಲುತೀರ್ಥವನ್ನೂ ನೋಡಿ. ಹೊಳೆ ಅಲ್ಲಿ ಗುಡ್ಡ ಸೀಳಿಕೊಂಡು ಹೋಗಿದೆ, ಆ ಸಂದಿಗೇ ಅಣೆಕಟ್ಟು ಕಟ್ಟಿದ್ದಾರೆ. ನವಿಲು ಕೂಗಿ ಕರೆಯಿತು, ಗುಡ್ಡ ದಾರಿ ಬಿಟ್ಟಿತು ಅನ್ನುವ ಕತೆಯೂ ಉಂಟು. ಕತ್ತಲಾಗುವ ಮೊದಲು ಬಾದಾಮಿ ಸೇರಿಬಿಡಿ.

ನಾಲ್ಕನೇ ದಿನ ಬಾದಾಮಿ ಬಿಟ್ಟು ಕದಲಬೇಡಿ. ಮೂರನೇ ಗುಹೆಯಲ್ಲಿ 578ನೇ ಇಸವಿಯ ಶಾಸನವಿದೆ, ಅದನ್ನು ಎಲ್ಲರೂ ಹೇಳುತ್ತಾರೆ. ನಾನು ಹೇಳುವುದು ಕಲ್ಲಿನ ಬಗ್ಗೆ. ಕಂಬದ ಹತ್ತಿರ ಹೋಗಿ ನೋಡಿ. ಮರ ಕೊಯ್ದಾಗ ಕಾಣುವಂತೆ ಕೆಂಪು, ಹಳದಿ, ನೇರಳೆ ಗೆರೆಗಳು. ಕೋಟ್ಯಂತರ ವರ್ಷಗಳ ಹಿಂದೆ ನೀರು ತಂದು ಪದರ ಪದರವಾಗಿ ಹಾಸಿದ ಮರಳೇ ಈ ಕಲ್ಲು. ಮೇಲಿನ ಗುಹೆಗಳಿಗೆ ಮೆಟ್ಟಿಲು ಜಾಸ್ತಿ. ಅತ್ತೆಯವರನ್ನು ಅಗಸ್ತ್ಯ ಹೊಂಡದ ದಂಡೆಗುಂಟ ಭೂತನಾಥ ಗುಡಿಗೆ ಕರೆದೊಯ್ಯಿರಿ, ದಾರಿ ಸಮತಟ್ಟಾಗಿದೆ. ಕೈಯಲ್ಲಿ ಬಾಳೆಹಣ್ಣು ಹಿಡಿಯಬೇಡಿ, ಮಂಗಗಳು ಬಿಡುವುದಿಲ್ಲ. ಊಟಕ್ಕೆ ಬನಶಂಕರಿ. ಗುಡಿ ಹತ್ತಿರ ಬುಟ್ಟಿ ಹೊತ್ತ ಅವ್ವಂದಿರು ಕೂಗಿ ಕರೆಯುತ್ತಾರೆ. ಜೋಳದ ರೊಟ್ಟಿ, ಝುಣಕ, ಕೆಂಪು ಚಟ್ನಿ, ಗಡಿಗೆ ಮೊಸರು. ಅದನ್ನು ಬಿಟ್ಟು ಹೋಟೆಲ್ ಹುಡುಕಿದರೆ ನಿಮ್ಮ ಕರ್ಮ.

ಕೊನೇ ದಿನ ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ. ಪಟ್ಟದಕಲ್ಲಿನಲ್ಲಿ ಹೊಳೆ ಉತ್ತರಕ್ಕೆ ತಿರುಗುತ್ತದೆ. ಆ ತಿರುವಿಗೇ ಹಿಂದಿನವರು ಅಷ್ಟು ಬೆಲೆ ಕೊಟ್ಟದ್ದು. ಸಂಗಮದಲ್ಲಿ ಬಸವಣ್ಣನವರ ಐಕ್ಯ ಮಂಟಪಕ್ಕೆ ಬಾವಿಗಿಳಿದಂತೆ ಮೆಟ್ಟಿಲಿಳಿದು ಹೋಗಬೇಕು, ಸುತ್ತ ನಾರಾಯಣಪುರ ಜಲಾಶಯದ ಹಿನ್ನೀರು. ಅತ್ತೆಯವರು ಮೇಲೆಯೇ ಕೂತರೂ ಎರಡು ಹೊಳೆ ಕೂಡುವುದು ಕಾಣುತ್ತದೆ. ಕಣಕುಂಬಿಯ ಕುಂಡ ನೋಡಿ ಮುಖ ಸಣ್ಣ ಮಾಡಿದ್ದ ಮಗನಿಗೆ ಇಲ್ಲಿ ಆಚೆ ದಂಡೆ ತೋರಿಸಿ.

ಪ್ರಶ್ನೆ: ಮೇ ತಿಂಗಳಲ್ಲಿ ಬಾಗಲಕೋಟೆಯಿಂದ ಗೋಕಾಕ ಜಲಪಾತಕ್ಕೆ ಹೋಗಿದ್ದೆವು. ಬರೀ ಬಂಡೆ! ನೀರೆಲ್ಲ ಎಲ್ಲಿ ಹೋಯಿತು?

ಉತ್ತರ: ಹೊಲಕ್ಕೆ. ಮೇಲೆ ಹಿಡಕಲ್ ಜಲಾಶಯದಲ್ಲಿ ನೀರು ನಿಲ್ಲಿಸುತ್ತಾರೆ, ಧೂಪದಾಳದಲ್ಲಿ ಕಾಲುವೆಗೆ ತಿರುಗಿಸುತ್ತಾರೆ. ಬೇಸಿಗೆಯಲ್ಲಿ ಜಲಪಾತಕ್ಕೆ ಉಳಿಯುವುದು ಕಡಿಮೆ. ಜುಲೈಯಿಂದ ಸೆಪ್ಟೆಂಬರ್ ಒಳಗೆ ಇನ್ನೊಮ್ಮೆ ಹೋಗಿ. ಮೇ ತಿಂಗಳಲ್ಲೇ ಹೋಗಬೇಕೆಂದರೆ ಹಿಡಕಲ್‌ಗೆ ಹೋಗಿ. ಅಣೆಕಟ್ಟು ಕಟ್ಟಿದಾಗ ಮುಳುಗಿದ ವಿಠ್ಠಲನ ಗುಡಿ, ನೀರು ಇಳಿದ ಬೇಸಿಗೆಯಲ್ಲಿ ಮೇಲೆ ಬಂದಿರುತ್ತದೆ. ಮಧ್ಯಾಹ್ನ ಬೇಡ, ಕಲ್ಲು ಕಾದ ಹಂಚು.