ಹಳೆಯ ಪರ್ಷಿಯನ್ ಕಾವ್ಯದಲ್ಲಿ ಹಳ್ಳಿ ಮತ್ತು ಪಟ್ಟಣದ ಬದುಕು ಹೇಗೆ ಕಾಣುತ್ತದೆ?

ಹೆಚ್ಚಾಗಿ ಪಟ್ಟಣದ ಕಣ್ಣಿನಿಂದಲೇ ಕಾಣುತ್ತದೆ. ಆ ಕವಿಗಳಲ್ಲಿ ಬಹಳಷ್ಟು ಜನ ದೊರೆಗಳ ಆಶ್ರಯದಲ್ಲೋ ಮದರಸಾಗಳ ನಡುವೆಯೋ ಬದುಕಿದವರು, ಕೇಳುಗರೂ ಅಲ್ಲಿಯವರೇ. ಹಾಗಾಗಿ ಪಟ್ಟಣಕ್ಕೆ ತಿಳಿವಳಿಕೆ, ಹಳ್ಳಿಗೆ ಒರಟುತನ ಅಂಟಿಕೊಂಡಿತು.

13ನೇ ಶತಮಾನದ ಸೂಫಿ ಕವಿ ರೂಮಿಯ ‘ಮಸ್ನವಿ’ ಎಂಬ ದೊಡ್ಡ ಕಾವ್ಯದಲ್ಲಿ ಹಳ್ಳಿಯವನೊಬ್ಬ ವರ್ಷಗಟ್ಟಲೆ ಪಟ್ಟಣದ ಗೆಳೆಯನ ಮನೆಯಲ್ಲಿ ಉಣ್ಣುತ್ತಾನೆ. ‘ನಮ್ಮೂರಿಗೂ ಬನ್ನಿ’ ಅಂತ ಕರೆಯುತ್ತಲೇ ಇರುತ್ತಾನೆ. ಕೊನೆಗೆ ಗೆಳೆಯ ಹೆಂಡತಿ ಮಕ್ಕಳ ಸಮೇತ ಹೋದರೆ ಆ ಹಳ್ಳಿಯವನು ಗುರುತೇ ಇಲ್ಲದವನ ಹಾಗೆ ಆಡುತ್ತಾನೆ! ಇದು ಸುಮ್ನೆ ರೈತರನ್ನು ಬೈಯುವ ಕಥೆಯಲ್ಲ. ಇಲ್ಲಿ ಹಳ್ಳಿ ಅಂದರೆ ದೇವರನ್ನು ಸೇರುವ ಗುರಿಯನ್ನು ತಾನೇ ಇನ್ನೂ ಮುಟ್ಟದ ಗುರು ಅಂತ ರೂಮಿಯೇ ಬಿಡಿಸಿ ಹೇಳುತ್ತಾನೆ.

ನನಗೆ ಜಾಸ್ತಿ ಇಷ್ಟ ಅದೇ ಕಾಲದ ಇನ್ನೊಬ್ಬ ಕವಿ ಸಾದಿಯ ನೋಟ. ಅವನ 1258ರ ‘ಗುಲಿಸ್ತಾನ್’ ಎಂಬ ಪುಸ್ತಕದಲ್ಲಿ ಓದಿದ ಹಳ್ಳಿ ಹುಡುಗರು ದೊರೆಗೆ ಮಂತ್ರಿಗಳಾಗುತ್ತಾರೆ, ದಡ್ಡ ಮಂತ್ರಿಮಕ್ಕಳು ಹಳ್ಳಿಗೆ ಭಿಕ್ಷೆ ಬೇಡಲು ಹೋಗುತ್ತಾರೆ.