ಗ್ಲಾಕೋಮಾಕ್ಕೆ ಲೇಸರ್: ನಿಮ್ಮ ತಂದೆಯವರ ವಿಷಯವಾಗಿ

ಜಮಖಂಡಿಯಲ್ಲಿರುವ ತಂದೆಯವರಿಗೆ ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡದಿಂದ ನರ ಹಾಳಾಗುವ ಕಾಯಿಲೆ) ಇದೆಯೆಂದು ವೈದ್ಯರು ಲೇಸರ್ ಮಾಡಿಸಲು ಹೇಳಿದ್ದಾರೆ, ಅದರಿಂದ ಕಣ್ಣಿನ ನರ ಸುಟ್ಟುಹೋದೀತೇ, ಮಂದವಾದ ದೃಷ್ಟಿ ಮರಳೀತೇ ಎಂದು ಕೇಳಿದ್ದೀರಿ. ನಾನು ಬೆಳಗಾವಿಯವನು, ವೈದ್ಯನಲ್ಲ. ನನ್ನ ಎರಡೂ ಕಣ್ಣುಗಳಿಗೆ ಈ ಚಿಕಿತ್ಸೆ ಆಗಿರುವುದರಿಂದ ಬರೆಯುತ್ತಿದ್ದೇನೆ.

ನರ ಸುಡುವ ಭಯ ಬೇಡ. ನರವಿರುವುದು ಕಣ್ಣಿನ ಹಿಂಬದಿಯಲ್ಲಿ. ಎಸ್‌ಎಲ್‌ಟಿ ಎಂಬ ಲೇಸರ್ ಬೀಳುವುದು ಮುಂಬದಿಯಲ್ಲಿ, ಕಣ್ಣೊಳಗಿನ ದ್ರವ ಸೋಸಿ ಹೊರಹೋಗುವ ಜರಡಿಯಂಥ ಭಾಗದ ಮೇಲೆ. ಆ ಜರಡಿ ಕಟ್ಟಿಕೊಂಡಾಗ ಒಳಗಿನ ಒತ್ತಡ ಏರಿ, ಹತ್ತು ಲಕ್ಷಕ್ಕೂ ಹೆಚ್ಚು ಎಳೆಗಳಿರುವ ನರ ಸ್ವಲ್ಪಸ್ವಲ್ಪವೇ ಸಾಯುತ್ತದೆ. ಲೇಸರಿನ ಒಂದೊಂದು ಮಿಂಚೂ ಸೆಕೆಂಡಿನ ನೂರು ಕೋಟಿಯಲ್ಲಿ ಮೂರು ಭಾಗದಷ್ಟು ಹೊತ್ತು ಮಾತ್ರ ಇರುವುದರಿಂದ ಕಾವು ಸುತ್ತಲೂ ಹರಡುವುದಿಲ್ಲ.

ಆದರೆ ಸತ್ತ ಎಳೆ ಮತ್ತೆ ಚಿಗುರುವುದಿಲ್ಲ. ನಮ್ಮ ಕಡೆ ಗ್ಲಾಕೋಮಾವನ್ನು ಮೋತಿಬಿಂದುವಿನೊಂದಿಗೆ ಬೆರೆಸಿ, ಪೊರೆ ತೆಗೆಸಿದವರಂತೆ ಮರುದಿನವೇ ಸ್ವಚ್ಛವಾಗಿ ಕಾಣಬೇಕೆಂದು ಕಾಯುವವರನ್ನು ಬಹಳ ಕಂಡಿದ್ದೇನೆ. ಈ ಲೇಸರ್ ಮಾಡುವುದು ಉಳಿದ ದೃಷ್ಟಿಯ ಕಾವಲನ್ನು ಮಾತ್ರ, ಮತ್ತು ಒತ್ತಡ ಇಳಿಯಲು ಕೆಲವು ವಾರಗಳು ಬೇಕು.

ನನಗೆ ಮೊದಲು ಮರಗಟ್ಟಿಸುವ ಹನಿ ಹಾಕಿದರು. ಗದ್ದವನ್ನು ಯಂತ್ರದ ಪಟ್ಟಿಯ ಮೇಲೆ ಊರಿ ಕುಳಿತಾಗ, ಜೆಲ್ ಸವರಿದ ದಪ್ಪ ಮಸೂರವೊಂದನ್ನು ಕಣ್ಣಿಗೆ ಒತ್ತಿ ಹಿಡಿದರು. ಆ ತಣ್ಣನೆಯ ಒತ್ತುವಿಕೆಯೇ ನನಗೆ ಹೆಚ್ಚು ಕಸಿವಿಸಿ ಎನಿಸಿತು. ಆಮೇಲೆ ಟಿಕ್ ಟಿಕ್ ಎಂಬ ಸದ್ದಿನೊಂದಿಗೆ ಹಸಿರು ಬೆಳಕು. ಹತ್ತು ನಿಮಿಷದೊಳಗೆ ಮುಗಿಯಿತು. ಒಂದು ಗಂಟೆ ಕೂರಿಸಿ ಮತ್ತೆ ಒತ್ತಡ ನೋಡಿ ಕಳಿಸಿದರು. ಎರಡು ದಿನ ಕಣ್ಣು ಕೆಂಪಗಿತ್ತು. 26 ಮಿ.ಮೀ. ಇದ್ದ ಕಣ್ಣಿನ ಒತ್ತಡ ಎರಡು ತಿಂಗಳಲ್ಲಿ 18ಕ್ಕೆ ಇಳಿಯಿತು.

ವೈದ್ಯರನ್ನು ತಪ್ಪದೇ ಕೇಳಬೇಕಾದದ್ದು: ಗೋನಿಯೋಸ್ಕೋಪಿ (ಮಸೂರವಿಟ್ಟು ಆ ಜರಡಿಯ ಜಾಗವನ್ನು ನೋಡುವ ಪರೀಕ್ಷೆ) ಮಾಡಿ, ಜರಡಿ ಇರುವ ಕೋನ ತೆರೆದಿದೆಯೋ ಮುಚ್ಚಿದೆಯೋ ನೋಡಿದ್ದೀರಾ ಎಂದು. ಕೋನ ಕಿರಿದಾಗಿ ಮುಚ್ಚುತ್ತಿದ್ದರೆ ಬೇಕಾಗುವ ಲೇಸರೇ ಬೇರೆ. ಅದರಲ್ಲಿ ಕಣ್ಣಿನ ಕಪ್ಪು ಪರದೆಯ ಅಂಚಿಗೆ ಚಿಕ್ಕ ರಂಧ್ರ ಮಾಡಿ ದ್ರವಕ್ಕೆ ದಾರಿ ಕೊಡುತ್ತಾರೆ. ತೆರೆದ ಕೋನದವರಿಗೆ ಒತ್ತಡ ಇಳಿಸುವ ಹನಿಗಳಿಗಿಂತ ಮೊದಲೇ ಎಸ್‌ಎಲ್‌ಟಿ ಮಾಡಬಹುದೆಂಬುದಕ್ಕೆ 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನ ಬಲ ಕೊಟ್ಟಿತು: ಮೊದಲು ಲೇಸರ್ ಪಡೆದ ಕಣ್ಣುಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಮೂರು ವರ್ಷದ ಹೊತ್ತಿಗೂ ಹನಿಯಿಲ್ಲದೆ ಒತ್ತಡ ಹತೋಟಿಯಲ್ಲಿತ್ತು. ಹನಿ ಹಾಕಲು ಮರೆಯುವ ವಯಸ್ಸಾದವರಿಗೆ ಇದು ದೊಡ್ಡ ಅನುಕೂಲ.

ಆದರೂ ಪರಿಣಾಮ ವರ್ಷಗಳು ಕಳೆದಂತೆ ಕುಗ್ಗುತ್ತದೆ. 18 ಎಂಬ ಅಂಕಿ ನೋಡಿ ನೆಮ್ಮದಿಯಾಗಿ ನಾನು ಒಂದು ವರ್ಷಕ್ಕೂ ಹೆಚ್ಚು ಕಾಲ ಆಸ್ಪತ್ರೆಯ ಕಡೆ ಹೋಗಲಿಲ್ಲ. ಆಮೇಲೆ ಫೀಲ್ಡ್ ಟೆಸ್ಟ್ (ಸುತ್ತಲಿನ ನೋಟ ಎಷ್ಟು ಉಳಿದಿದೆಯೆಂದು ನೋಡುವ ಪರೀಕ್ಷೆ) ಮಾಡಿಸಿದಾಗ ಎಡಗಣ್ಣಿನ ಮೂಗಿನ ಬದಿಯಲ್ಲಿ ಹೊಸದೊಂದು ಕಪ್ಪು ಕಲೆ ಮೂಡಿತ್ತು. ಅದು ಇನ್ನು ಹೋಗುವುದಿಲ್ಲ. ಆದ್ದರಿಂದ ವೈದ್ಯರು ಹೇಳಿದ ತಾರೀಖನ್ನು ಯಾವ ಸುಗ್ಗಿಗೂ, ಯಾವ ಮದುವೆಗೂ ಮುಂದೂಡಬೇಡಿ, ಅವರು ಹೇಳದೆ ಹನಿ ನಿಲ್ಲಿಸಲೂ ಬೇಡಿ. ಈ ಕಾಯಿಲೆ ರಕ್ತಸಂಬಂಧಿಗಳಲ್ಲಿ ಹೆಚ್ಚು ಕಾಣುವುದರಿಂದ, ತಂದೆಯವರನ್ನು ಕರೆದೊಯ್ಯುವ ದಿನವೇ ನಿಮ್ಮ ಕಣ್ಣನ್ನೂ ತೋರಿಸಿಕೊಂಡು ಬನ್ನಿ.