ಎರೆಮಣ್ಣಿನಲ್ಲಿ ಕಬ್ಬಿಣದ ಹುಡುಕಾಟ

ಪ್ರಶ್ನೆ: ನಮ್ಮ ಎರೆಹೊಲದ ಶೇಂಗಾ ಗಿಡದ ಎಳೆ ಎಲೆ ಹಳದಿಯಾಗುತ್ತಿದೆ. ಕಬ್ಬಿಣ ಸಿಗುತ್ತಿಲ್ಲ ಅಂತಾರೆ. ಹಾಗಾದರೆ ಅದೇ ಮಣ್ಣಿನ ಬ್ಯಾಕ್ಟೀರಿಯಾಗಳಿಗೆ ಹೇಗೆ ಸಿಗುತ್ತದೆ?
— ಓದುಗರೊಬ್ಬರು, ಗದಗ

ಉತ್ತರ: ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದೆ. ಆದರೆ ಸುಣ್ಣದ ಅಂಶ ಜಾಸ್ತಿ ಇರುವ ಎರೆಮಣ್ಣಿನಲ್ಲಿ ಅದು ತುಕ್ಕಿನಂತೆ ಕೂತಿರುತ್ತದೆ, ಕರಗುವುದು ತೀರಾ ಕಡಿಮೆ. ಬ್ಯಾಕ್ಟೀರಿಯಾಗಳು ಸುಮ್ನೆ ಕೂರುವುದಿಲ್ಲ. ಸಿಡೆರೊಫೋರ್ ಎಂಬ ಪುಟ್ಟ ಅಣುಗಳನ್ನು ತಯಾರಿಸಿ ಹೊರಗೆ ಬಿಡುತ್ತವೆ. ಅವು ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಆ ಜೋಡಿಯನ್ನು ಗುರುತಿಸಿ ಒಳಗೆ ಬಿಟ್ಟುಕೊಳ್ಳಲು ಜೀವಕೋಶದಲ್ಲಿ ಬೇರೆಯೇ ಬಾಗಿಲಿದೆ.

ಎಷ್ಟು ಲೆಕ್ಕಾಚಾರ ನೋಡಿ! ಎಷ್ಟೋ ಬ್ಯಾಕ್ಟೀರಿಯಾಗಳಲ್ಲಿ ಫರ್ ಎಂಬ ಪ್ರೋಟೀನ್ ಇರುತ್ತದೆ. ಒಳಗೆ ಕಬ್ಬಿಣ ಸಾಕಷ್ಟಿದ್ದರೆ ಅದು ಈ ತಯಾರಿಕೆಯನ್ನೇ ತಡೆದಿಡುತ್ತದೆ. ಕಡಿಮೆಯಾದರೆ ತಡೆ ಸಡಿಲವಾಗುತ್ತದೆ.

ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಶೇಂಗಾ ಬೇರಿನ ಮಣ್ಣಿನಿಂದ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದ ತಟ್ಟೆಗಳಲ್ಲಿ ಬೆಳೆಸಿದ್ದೆ. ಕಬ್ಬಿಣ ಕಡಿಮೆ ಇದ್ದ ತಟ್ಟೆ ಅತಿನೇರಳೆ ದೀಪದಡಿ ಹಳದಿ ಹಸಿರಾಗಿ ಹೊಳೆಯಿತು. ಅದು ಪಯೋವರ್ಡಿನ್ ಎಂಬ ಸಿಡೆರೊಫೋರ್. ಕಬ್ಬಿಣ ಬೆರೆಸಿದ್ದ ತಟ್ಟೆ ಮಂಕಾಗಿಯೇ ಇತ್ತು. ಅವತ್ತು ಊಟದ ಹೊತ್ತು ಮೀರಿದ್ದೂ ಗೊತ್ತಾಗಲಿಲ್ಲ.

ಅಂದಹಾಗೆ, ಇಂಥ ಮಣ್ಣಿನಲ್ಲಿ ನೀರು ನಿಂತರೆ ಎಲೆ ಇನ್ನೂ ಹಳದಿಯಾಗುತ್ತದೆ. ನೀರು ನಿಲ್ಲುತ್ತಿದ್ದರೆ ಮೊದಲು ಬಸಿಗಾಲುವೆ ತೆಗೆಯಿರಿ.